ಓರೆ ಬೆಳಕಿನಲ್ಲಿ ಶಾಸನ: ಕ್ಯಾಮೆರಾದಿಂದ ಬಿಡಿಸಿದ ಫ್ಲ್ಯಾಷು ಮತ್ತು ತಂತಿಯಿಲ್ಲದ ಟ್ರಿಗರ್

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಕೆರೆ ಏರಿಯ ಕೆಳಗೆ, ತೆಂಗಿನ ತೋಟದ ಅಂಚಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತ ವೀರಗಲ್ಲು. ಮೂರು ಹಂತದ ಶಿಲ್ಪ, ಹಂತಗಳ ನಡುವಿನ ಪಟ್ಟಿಕೆಗಳಲ್ಲಿ ಬರಹ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ ಅದರ ಫೋಟೋ ತೆಗೆದೆ. ಪಡುವಣದ ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗ್ತಿತ್ತು, ಅಕ್ಷರಗಳು ಎದ್ದು ಕುಣಿಯುವ ಹಾಗೆ ಕಾಣುತ್ತಿದ್ದವು. ನಾನು ತೆಗೆದ ಶಾಸನದ ಫೋಟೋಗಳಲ್ಲಿ ಅಷ್ಟು ಚೆಂದ ಬಂದದ್ದು ಇನ್ನೊಂದಿಲ್ಲ. ಮನೆಗೆ ಬಂದು ಕೂತು ಓದಿದೆ: ಸಕವರುಷ ೧೧೩೨. ಅಂದರೆ ಕ್ರಿ.ಶ. 1210, ಇಮ್ಮಡಿ ಬಲ್ಲಾಳನ ಕಾಲ. ಸಂವತ್ಸರದ ಹೆಸರು ಸವೆದಿದೆ ಎಂದು ಚುಕ್ಕಿ ಹಾಕಿ, ಒಂದು ಪುಟ್ಟ ಟಿಪ್ಪಣಿ ಬರೆದು ಪ್ರಕಟಿಸಿಯೂ ಬಿಟ್ಟೆ.

ಎರಡು ವರ್ಷದ ಮೇಲೆ ಅದೇ ಊರಿನ ಮೇಷ್ಟ್ರೊಬ್ಬರು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕಳಿಸಿದರು. ಮಟಮಟ ಮಧ್ಯಾಹ್ನದಲ್ಲಿ ತೆಗೆದದ್ದು. ನೋಡೋಕೆ ಏನೇನೂ ಚೆನ್ನಾಗಿಲ್ಲ, ಒಂದು ಮೂಲೆಯಲ್ಲಿ ಅವರ ಬೆರಳೂ ಬಂದಿದೆ. ಆದರೆ ನಾನು ೩ ಎಂದು ಓದಿದ ಅಂಕಿಯ ಬುಡದಲ್ಲಿ ಅಡ್ಡಕ್ಕೆ ಎಳೆದ ಒಂದು ಬಾಲ ನಿಚ್ಚಳವಾಗಿ ಕಾಣುತ್ತಿತ್ತು. ಅದು ೩ ಅಲ್ಲ, ೬. ಸಕವರುಷ ೧೧೬೨. ಬಲ್ಲಾಳ ತೀರಿಕೊಂಡು ಇಪ್ಪತ್ತು ವರ್ಷ ಕಳೆದಿತ್ತು. ಆಳುತ್ತಿದ್ದವನು ಮೊಮ್ಮಗ ಸೋಮೇಶ್ವರ, ಅವನಿದ್ದದ್ದು ದೂರದ ತಮಿಳುನಾಡಿನ ಕಣ್ಣನೂರಿನಲ್ಲಿ. ಸತ್ತ ವೀರ ಯಾವ ಅರಸನ ಕಾಲದ ಕಾಳಗದಲ್ಲಿ ಸತ್ತ ಎನ್ನುವುದೇ ತಲೆಕೆಳಗಾಯಿತು.

ತಪ್ಪು ಕಣ್ಣಿನದಲ್ಲ, ಬೆಳಕಿನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯಾವ ಫ್ಲ್ಯಾಷು ಕೊಳ್ಳಬೇಕು ಎನ್ನುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಕೊರೆದ ಅಕ್ಷರ ನಮಗೆ ಕಾಣುವುದು ಅದರೊಳಗೆ ಬೀಳುವ ನೆರಳಿನಿಂದ. ಉಳಿ ಮಾಡಿದ ಗೀರಿನ ಒಂದು ಅಂಚು ಬೆಳಗಿ, ಇನ್ನೊಂದು ಅಂಚು ಕಪ್ಪಾಗಬೇಕು. ಬೆಳಕು ಎದುರಿನಿಂದ ಬಂದರೆ ಎರಡೂ ಅಂಚು ಸಮ ಬೆಳಗುತ್ತವೆ, ಅಕ್ಷರ ಮಾಯ. ಕ್ಯಾಮೆರಾದ ತಲೆಯ ಮೇಲೇ ಕೂತ ಫ್ಲ್ಯಾಷು ಮಾಡುವುದು ಇದನ್ನೇ. ಬೆಳಕು ಬದಿಯಿಂದ ಕಲ್ಲಿನ ಮೈಗೆ ಒರಗಿಕೊಂಡ ಹಾಗೆ ಬಂದರೆ ನೆರಳು ಉದ್ದವಾಗುತ್ತದೆ, ಸವೆದ ಗೀರೂ ಕಾಣುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾವು ಮರೆಯುವ ಮಾತು ಇನ್ನೊಂದಿದೆ: ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆಗೆ ನೆರಳೇ ಇಲ್ಲ. ಎಡದಿಂದ ಬಲಕ್ಕೆ ಹರಿಯುವ ಬೆಳಕಿನಲ್ಲಿ ನಿಂತ ಗೆರೆಗಳು ಚೆನ್ನಾಗಿ ಕಾಣುತ್ತವೆ, ಮಲಗಿದ ಗೆರೆಗಳು ಕರಗಿಹೋಗುತ್ತವೆ. ಮೇಲಿನಿಂದ ಬಿದ್ದರೆ ಇದರ ತಿರುಗುಮುರುಗು. ನನ್ನ ಸಂಜೆಯ ಬಿಸಿಲು ಆ ೬ರ ಬಾಲದ ಉದ್ದಕ್ಕೂ ಹರಿದು ಅದನ್ನು ನುಂಗಿತ್ತು. ಫೋಟೋ ಎಷ್ಟು ಚೆಂದ ಇತ್ತೆಂದರೆ ಅನುಮಾನವೇ ಬರಲಿಲ್ಲ. ಚೆಂದದ ಫೋಟೋ ಶಾಸನ ಓದುವವನಿಗೆ ಅಪಾಯ ಅಂತ ಅವತ್ತಿನಿಂದ ಅನ್ನಿಸಿದೆ.

ಮಧ್ಯಾಹ್ನದ ಫೋಟೋ ಯಾಕೆ ಗೆದ್ದಿತು? ನಮ್ಮ ಹಾಸನ ಸೀಮೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಆ ದಿನಗಳಲ್ಲಿ ಮಾತ್ರ ಉತ್ತರಮುಖದ ಕಲ್ಲಿಗೆ ಮೇಲಿನಿಂದ ಓರೆ ಬಿಸಿಲು ಸಿಗುತ್ತದೆ. ಅದರಲ್ಲೂ ಜೂನ್ ಕಳೆದರೆ ಬೇಲೂರು ಕಡೆ ಮಳೆ, ಬಿಸಿಲೇ ಇರೋದಿಲ್ಲ. ಚಳಿಗಾಲದಲ್ಲಂತೂ ಆ ಮುಖಕ್ಕೆ ಬಿಸಿಲು ಬೀಳುವುದೇ ಇಲ್ಲ. ನಮಗೆ ರಜೆ ಸಿಗುವುದು ಡಿಸೆಂಬರಿನಲ್ಲಿ! ಸೂರ್ಯನನ್ನು ಕಾಯುತ್ತಾ ಕೂರುವ ಬದಲು ಬೆಳಕನ್ನೇ ಕೈಯಲ್ಲಿ ಹಿಡಿದು ಕಲ್ಲಿನ ಸುತ್ತ ತಿರುಗಿಸಬೇಕು. ಫ್ಲ್ಯಾಷನ್ನು ಕ್ಯಾಮೆರಾದಿಂದ ಬಿಡಿಸುವ ಕಾರಣ ಇಷ್ಟೇ.

ಟಾರ್ಚ್ ಸಾಲದೆ ಅಂತ ಕೇಳುವವರಿದ್ದಾರೆ. ಗುಡಿಯ ಕತ್ತಲೆಯ ಅಂಕಣದಲ್ಲಿ ಖಂಡಿತ ಸಾಕು. ಒಳ್ಳೆಯ ಎಲ್‌ಇಡಿ ಟಾರ್ಚ್ ಒಂದಿದ್ದರೆ ನೆರಳು ಎಲ್ಲಿ ಬೀಳುತ್ತದೆ ಎಂದು ಕಣ್ಣೆದುರೇ ನೋಡಿಕೊಂಡು ಅಲ್ಲೇ ಓದಬಹುದು. ನಾನು ಈಗಲೂ ಮೊದಲು ಟಾರ್ಚಿನಲ್ಲೇ ಓದುತ್ತೇನೆ. ಆದರೆ ಟಾರ್ಚಿನ ಬೆಳಕು ಕ್ಯಾಮೆರಾಕ್ಕೆ ಕಡಿಮೆ, ಶಟರ್ ನಿಧಾನವಾಗುತ್ತದೆ, ಸ್ಟ್ಯಾಂಡ್ ಬೇಕೇ ಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್ ತೆಗೆದರೆ ಅನುಮತಿ ಪತ್ರ ಎಲ್ಲಿ ಎಂದು ಕೇಳುತ್ತಾರೆ. ಬಯಲಿನಲ್ಲಿ ಹಗಲು ಹೊತ್ತು ಟಾರ್ಚ್ ಹಿಡಿದರೆ ಸೂರ್ಯನ ಮುಂದೆ ಅದು ಉರಿದದ್ದೂ ತಿಳಿಯುವುದಿಲ್ಲ. ಫ್ಲ್ಯಾಷಿನ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಮುಗಿಯುವುದರಿಂದ ಕೈ ನಡುಗಿದರೂ ಚಿತ್ರ ನಡುಗದು.

ಇನ್ನು ಯಾವ ಫ್ಲ್ಯಾಷು? ಅಂಗಡಿಯವರು ಮೊದಲು ತೋರಿಸುವುದು ಟಿಟಿಎಲ್ ಇರುವ ದುಬಾರಿ ಮಾಲು. ಕ್ಯಾಮೆರಾ ತಾನೇ ಬೆಳಕು ಅಳೆದು ಫ್ಲ್ಯಾಷಿಗೆ ಎಷ್ಟು ಬೇಕು ಎಂದು ಹೇಳುವ ವ್ಯವಸ್ಥೆ ಅದು. ಮದುವೆ ಮನೆಗೆ ಅದು ಬೇಕು, ಅಲ್ಲಿ ಜನ ಓಡಾಡುತ್ತಿರುತ್ತಾರೆ. ನಮ್ಮ ಕಲ್ಲು ಎಂಟುನೂರು ವರ್ಷದಿಂದ ಅಲ್ಲಾಡಿಲ್ಲ. ನಮಗೆ ಟಿಟಿಎಲ್ ಅನಗತ್ಯ ಮಾತ್ರವಲ್ಲ, ತೊಂದರೆ ಕೂಡ. ನಾಲ್ಕು ದಿಕ್ಕಿನಿಂದ ತೆಗೆದ ನಾಲ್ಕು ಚಿತ್ರ ಪಕ್ಕಪಕ್ಕ ಇಟ್ಟು ಹೋಲಿಸಬೇಕಾದರೆ ನಾಲ್ಕಕ್ಕೂ ಒಂದೇ ಬೆಳಕು ಇರಬೇಕು. ಟಿಟಿಎಲ್ ಪ್ರತಿಸಲ ತನ್ನ ಲೆಕ್ಕ ಬದಲಿಸುತ್ತದೆ. ಹಾಗಾಗಿ ಮ್ಯಾನ್ಯುಯಲ್ ಫ್ಲ್ಯಾಷು ಸಾಕು. ರೇಡಿಯೊ ರಿಸೀವರ್ ಒಳಗೇ ಇರುವಂಥದ್ದು ನೋಡಿಕೊಳ್ಳಿ. ಗೋಡಾಕ್ಸ್ ಟಿಟಿ600, ಯಾಂಗ್‌ನುವೊ 560-4 ಈ ಜಾತಿಯವು. ಕ್ಯಾಮೆರಾ ಕಂಪನಿಗಳ ಸ್ವಂತ ದೊಡ್ಡ ಫ್ಲ್ಯಾಷಿನ ಕಾಲುಭಾಗದ ಬೆಲೆಯೂ ಆಗುವುದಿಲ್ಲ. ಇವು ಡಬಲ್-ಎ ಸೆಲ್‌ನಲ್ಲಿ ನಡೆಯುತ್ತವೆ. ರೀಚಾರ್ಜ್ ಆಗುವ ನಿಕಲ್ ಸೆಲ್ ಎಂಟು ಇಟ್ಟುಕೊಂಡರೆ ಒಂದು ದಿನದ ಕೆಲಸ ಸಲೀಸು. ಸೆಲ್ ಕೈಕೊಟ್ಟರೂ ಹಳ್ಳಿಯ ಯಾವ ಚಿಲ್ಲರೆ ಅಂಗಡಿಯಲ್ಲಾದರೂ ಸಿಗುವ ಸೈಜು ಅದು. ಲಿಥಿಯಂ ಬ್ಯಾಟರಿಯ ಫ್ಲ್ಯಾಷು ಬೇಗ ಬೇಗ ಸಿದ್ಧವಾಗುತ್ತದೆ ನಿಜ, ಆದರೆ ಜಾವಗಲ್ಲಿನ ಆಚೆ ಯಾವುದೋ ಹೊಲದಲ್ಲಿ ಅದು ಖಾಲಿಯಾದರೆ ಕೆಲಸ ಅಲ್ಲಿಗೆ ಮುಗಿಯಿತು.

ಟ್ರಿಗರ್ ವಿಷಯದಲ್ಲಿ ಮೂರು ದಾರಿ ಇವೆ. ಒಂದು, ತಂತಿ. ಎಂದೂ ಮೋಸ ಮಾಡದು, ಆದರೆ ಉದ್ದ ಸಾಲದು, ಯಾರಾದರೂ ಎಡವಿದರೆ ಫ್ಲ್ಯಾಷು ಕಲ್ಲಿನ ಮೇಲೇ ಬೀಳುತ್ತದೆ. ಎರಡು, ಬೆಳಕಿನಿಂದ ಎಚ್ಚರಗೊಳ್ಳುವ ಸ್ಲೇವ್. ಒಂದು ಫ್ಲ್ಯಾಷು ಮಿಂಚಿದ್ದನ್ನು ಕಂಡು ಇನ್ನೊಂದು ಮಿಂಚುತ್ತದೆ. ಬಿಟ್ಟಿ ಸಿಗುವ ಸೌಲಭ್ಯ, ಬಹುತೇಕ ಫ್ಲ್ಯಾಷುಗಳಲ್ಲಿ ಇದ್ದೇ ಇರುತ್ತದೆ. ನಾನು ಮೊದಲು ಇದನ್ನೇ ನೆಚ್ಚಿಕೊಂಡು ಹಳೇಬೀಡಿಗೆ ಹೋಗಿದ್ದೆ. ಶಾಲಾ ಪ್ರವಾಸದ ಕಾಲ. ಹೊಯ್ಸಳೇಶ್ವರದ ಮುಂದೆ ಗ್ರೂಪ್ ಫೋಟೋ ತೆಗೆಯುವವರ ಫ್ಲ್ಯಾಷು ಮಿಂಚಿದಾಗಲೆಲ್ಲ ನನ್ನದೂ ಮಿಂಚಿ, ಅರ್ಧ ಗಂಟೆಯೊಳಗೆ ಸೆಲ್ ಬಸಿದುಹೋಯಿತು. ನನ್ನ ಕ್ಯಾಮೆರಾ ಕರೆದಾಗ ಮಾತ್ರ ಬಿಸಿಲಿನಲ್ಲಿ ಅದಕ್ಕೆ ಕಣ್ಣೇ ಕಾಣಲಿಲ್ಲ. ಕಂಬದ ಮರೆಗೆ ಹೋದರೂ ಅಷ್ಟೇ. ಮೂರನೆಯದು 2.4 ಗಿಗಾಹರ್ಟ್ಸ್ ರೇಡಿಯೊ. ಕಂಬ, ಗೋಡೆ, ಬಿಸಿಲು ಯಾವುದರ ಹಂಗೂ ಇಲ್ಲ. ಕೊಳ್ಳುವುದಾದರೆ ಇದನ್ನೇ ಕೊಳ್ಳಿ, ಫ್ಲ್ಯಾಷಿನ ಕಂಪನಿಯದೇ ಟ್ರಿಗರ್ ತೆಗೆದುಕೊಳ್ಳಿ. ಒಂದು ಕಂಪನಿಯ ರೇಡಿಯೊ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ.

ಕೊಳ್ಳುವ ಮುಂಚೆ ನೋಡಬೇಕಾದ ಒಂದು ಸಣ್ಣ ಸಂಗತಿ ಇದೆ. ಕ್ಯಾಮೆರಾದ ಹಾಟ್ ಶೂನಲ್ಲಿ, ಅಂದರೆ ಫ್ಲ್ಯಾಷು ಕೂರಿಸುವ ಗಾಡಿಯಲ್ಲಿ, ನಟ್ಟನಡುವೆ ಒಂದು ಲೋಹದ ಬಿಂದು ಇರುತ್ತದೆ. ಸರಳ ಟ್ರಿಗರ್‌ಗಳೆಲ್ಲ ಕೆಲಸ ಮಾಡುವುದು ಆ ಬಿಂದುವಿನಿಂದ. ನಮ್ಮಲ್ಲಿ ಬಹಳ ಜನರ ಹತ್ತಿರ ಇರುವ ಕ್ಯಾನನ್ 1500ಡಿ, 3000ಡಿ, 200ಡಿ-2 ಮಾದರಿಗಳಲ್ಲಿ ಆ ನಡುಬಿಂದುವೇ ಇಲ್ಲ. ಅವಕ್ಕೆ ಕ್ಯಾನನ್‌ಗೆಂದೇ ಮಾಡಿದ, ಈ ಮಾದರಿಗಳಿಗೆ ಹೊಂದುತ್ತದೆ ಎಂದು ಖಚಿತವಾದ ಟ್ರಿಗರ್ ಬೇಕು. ಆನ್‌ಲೈನಿನಲ್ಲಿ ತರಿಸಿ ಪೇಚಾಡುವ ಬದಲು ಕ್ಯಾಮೆರಾ ತಗೊಂಡು ಅಂಗಡಿಗೆ ಹೋಗಿ, ಕೂರಿಸಿ, ಹತ್ತು ಸಲ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ. ಇನ್ನೊಂದು ವಿಚಿತ್ರ: ನೂರು ಮೀಟರ್ ದೂರ ಹೋಗುತ್ತದೆ ಎಂದು ಹೆಮ್ಮೆಯಿಂದ ಬರೆದಿರುವ ರೇಡಿಯೊ ಒಂದು ಮಾರು ಹತ್ತಿರದಲ್ಲಿ ತಪ್ಪುವುದುಂಟು. ಸಂಕೇತ ತೀರಾ ಜೋರಾಗಿ ಕಿವುಡಾಗುತ್ತದೆ. ಗೋಡಾಕ್ಸ್‌ನ ಕೆಲವು ಟ್ರಿಗರ್‌ಗಳಲ್ಲಿ 0ರಿಂದ 30 ಮೀಟರ್ ಎಂಬ ಆಯ್ಕೆ ಇದೆ, ಅದನ್ನು ಹಾಕಿಕೊಂಡರೆ ಸರಿಹೋಗುತ್ತದೆ. ಸಣ್ಣ ಶಾಸನದ ಮುಂದೆ ಕೂತಾಗ ಟ್ರಿಗರ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಈಗ ಬಿಸಿಲಿನ ಜೊತೆ ಹೋರಾಟ. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ, ಬೇಸರ ಮಾಡಬೇಡಿ. ಪೆಟ್ಟಿಗೆಯ ಮೇಲೆ ಗೈಡ್ ನಂಬರ್ 60 ಎಂದು ಬರೆದಿರುತ್ತದೆ. ಅದು ಫ್ಲ್ಯಾಷಿನ ತಲೆಯನ್ನು 200 ಮಿ.ಮೀ.ಗೆ ಜೂಮ್ ಮಾಡಿ ಬೆಳಕನ್ನು ಸಣ್ಣ ಕಿರಣ ಮಾಡಿದಾಗಿನ ಸಂಖ್ಯೆ. ಇಡೀ ಕಲ್ಲು ಬೆಳಗಬೇಕಾದರೆ ಜೂಮ್ ಇಳಿಸಬೇಕು. ನಾನು 40 ಎಂದು ಹಿಡಿಯುತ್ತೇನೆ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಬರುವುದು ಅಪರ್ಚರ್. ಎರಡೂವರೆ ಮೀಟರಿನಿಂದ ಪೂರ್ಣ ಶಕ್ತಿಯಲ್ಲಿ ಎಫ್/16. ಆದರೆ ನಾವು ಬೆಳಕನ್ನು ನೇರ ಹಾಕುತ್ತಿಲ್ಲ. 15 ಡಿಗ್ರಿ ಓರೆಯಲ್ಲಿ ಬಿದ್ದ ಬೆಳಕು ಕಲ್ಲಿನ ಮೈಮೇಲೆ ಹರಡಿ ಕಾಲುಭಾಗಕ್ಕೆ ಇಳಿಯುತ್ತದೆ, ಅಂದರೆ ಎಫ್/8. ಐಎಸ್ಒ 100, ಶಟರ್ 1/200ರಲ್ಲಿ ಬರೀ ಬಿಸಿಲಿನ ಅಪರ್ಚರ್ ಎಫ್/11. ಎಂದರೆ ಸೂರ್ಯ ನಮ್ಮ ಫ್ಲ್ಯಾಷಿನ ಎರಡರಷ್ಟು. ಸೋಲು ನಮ್ಮದೇ.

ಇಲ್ಲಿಗೆ ಅಂಗಡಿಯವರು ಎಚ್‌ಎಸ್‌ಎಸ್ ಇರುವ ಫ್ಲ್ಯಾಷು, ಇನ್ನೂರು ವ್ಯಾಟ್-ಸೆಕೆಂಡಿನ ದೊಡ್ಡ ದೀಪ ಎಂದು ಮೆಟ್ಟಿಲು ಹತ್ತಿಸುತ್ತಾರೆ. ಎಚ್‌ಎಸ್‌ಎಸ್‌ನಲ್ಲಿ ಶಟರ್ ವೇಗ ಏರಿಸಬಹುದು ನಿಜ, ಆದರೆ ಫ್ಲ್ಯಾಷಿನ ಶಕ್ತಿಯೂ ಅದರೊಡನೆ ಕುಸಿಯುತ್ತದೆ. ನಮಗೆ ಲಾಭ ಏನೂ ಇಲ್ಲ. ಪರಿಹಾರ ಅರಸೀಕೆರೆ ಸಂತೆಯಲ್ಲಿದೆ: ಒಂದು ಕರಿ ಕಂಬಳಿ. ಇಬ್ಬರು ಎರಡು ತುದಿ ಹಿಡಿದು ಕಲ್ಲಿಗೆ ನೆರಳು ಮಾಡಿದರೆ ಹೊರಗಿನ ಬೆಳಕು ನಾಲ್ಕು ಸ್ಟಾಪಿನಷ್ಟು ಇಳಿಯುತ್ತದೆ. ಅದೇ ಸಣ್ಣ ಫ್ಲ್ಯಾಷು ಈಗ ಸೂರ್ಯನ ಮಾತು ಕೇಳಬೇಕಾಗಿಲ್ಲ. ಸರಿಯಾಯಿತೋ ಇಲ್ಲವೋ ನೋಡಲು ಫ್ಲ್ಯಾಷು ಆರಿಸಿ ಒಂದು ಚಿತ್ರ ತೆಗೆಯಿರಿ. ಅದು ಹೆಚ್ಚುಕಡಿಮೆ ಕಪ್ಪಾಗಿ ಬರಬೇಕು. ಕಲ್ಲು ಕಾಣುತ್ತಿದ್ದರೆ ಹೊರಬೆಳಕು ನಿಮ್ಮ ನೆರಳನ್ನು ತಿನ್ನುತ್ತಿದೆ ಎಂದರ್ಥ. ಕಂಬಳಿ ಬಿಳಿಯದಾದರೆ ಅದರಿಂದಲೇ ಬೆಳಕು ಪುಟಿದು ಬಂದು ನೆರಳು ಕೆಡುತ್ತದೆ, ಅದಕ್ಕೇ ಕರಿಯದು. ಕ್ಯಾಮೆರಾ ಹಿಡಿದವರ ಬಿಳಿ ಅಂಗಿಯೂ ಅದೇ ಕೆಲಸ ಮಾಡುತ್ತದೆ.

ಫ್ಲ್ಯಾಷನ್ನು ಕಲ್ಲಿಗೆ ಅಂಟಿಸಿದ ಹಾಗೆ ಹಿಡಿಯುವುದು ಎಲ್ಲರೂ ಮೊದಲು ಮಾಡುವ ತಪ್ಪು. ಒಂದು ಮೀಟರ್ ಅಗಲದ ಕಲ್ಲಿನ ಅಂಚಿನಿಂದ ಅರ್ಧ ಮೀಟರಿನಲ್ಲಿ ಹಿಡಿದರೆ ಆ ಕಡೆಯ ಅಂಚಿಗೆ ಸಿಗುವುದು ಈ ಕಡೆಯ ಒಂಬತ್ತನೇ ಒಂದು ಭಾಗದ ಬೆಳಕು. ಪಂಕ್ತಿಯ ಮೊದಲು ಬೆಳ್ಳಗೆ ಸುಟ್ಟಿರುತ್ತದೆ, ಕೊನೆ ಕತ್ತಲೆ. ಎರಡೂವರೆ ಮೀಟರಿಗೆ ಹಿಂದೆ ಸರಿದರೆ ಎರಡು ಅಂಚುಗಳ ವ್ಯತ್ಯಾಸ ಒಂದು ಸ್ಟಾಪಿಗೆ ಇಳಿಯುತ್ತದೆ, ಕಂಪ್ಯೂಟರಿನಲ್ಲಿ ಸರಿಮಾಡಬಹುದು. ಅಲ್ಲಿಂದ ಕಲ್ಲಿನ ಮುಖದ ಮಟ್ಟಕ್ಕಿಂತ ಮೂರು ಗೇಣು ಮುಂದೆ ಹಿಡಿದರೆ 15 ಡಿಗ್ರಿ ಸಿಕ್ಕಿತು. ಆಳವಾಗಿ ಕೊರೆದ ಅಕ್ಷರಕ್ಕೆ ಇಷ್ಟು ಓರೆ ಬೇಡ, ನೆರಳು ಪಕ್ಕದ ಅಕ್ಷರದ ಮೇಲೆ ಹೋಗುತ್ತದೆ, 30–40ಕ್ಕೆ ಏರಿಸಿ. ಎರಡೂವರೆ ಮೀಟರ್ ದಾರವೊಂದನ್ನು ಫ್ಲ್ಯಾಷಿಗೆ ಕಟ್ಟಿಕೊಂಡರೆ ಪ್ರತಿ ದಿಕ್ಕಿನಿಂದಲೂ ಅದೇ ದೂರ ಇರುತ್ತದೆ. ದಾರವನ್ನು ಕಲ್ಲಿನ ಹತ್ತಿರಕ್ಕೆ ಹಿಡಿದು ಅಳೆದು ಬಿಡಿ, ಕಲ್ಲಿಗೆ ತಾಗಿಸಬೇಡಿ. ಮೇಲಿನ ಬೆಳಕಿಗೆ ಬಣ್ಣ ಬಳಿಯುವವರ ಉದ್ದದ ರೋಲರ್ ಕೋಲು ಸಾಕು. ಲೈಟ್ ಸ್ಟ್ಯಾಂಡ್‌ಗಿಂತ ಜೊತೆಗೆ ಬಂದವರ ಕೈ ಮೇಲು. ಗಾಳಿಗೆ ಸ್ಟ್ಯಾಂಡ್ ಬೀಳುತ್ತದೆ, ಮನುಷ್ಯರು ಬೀಳುವುದಿಲ್ಲ.

ದಿಕ್ಕುಗಳಲ್ಲಿ ಕನಿಷ್ಠ ಮೇಲೆ, ಎಡ, ಬಲ, ಮೇಲಿನ ಎಡಮೂಲೆ, ಮೇಲಿನ ಬಲಮೂಲೆ, ಹೀಗೆ ಐದು ತೆಗೆಯಿರಿ. ಕೆಳಗಿನಿಂದಲೂ ಒಂದು ಬೇಕು, ಆದರೆ ಆ ಚಿತ್ರ ಓದುವಾಗ ಹುಷಾರು. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ಕೆಳಗಿನಿಂದ ಬಂದರೆ ಕೊರೆದ ಅಕ್ಷರ ಉಬ್ಬಿದ ಅಕ್ಷರದಂತೆ ತೋರುತ್ತದೆ, ಕಲ್ಲಿನ ಗುಳಿ ಬಿಂದುವಿನಂತೆ, ಸೊನ್ನೆಯಂತೆ ಕಾಣಿಸಿ ಇಲ್ಲದ ಅನುಸ್ವಾರ ಹುಟ್ಟಿಕೊಳ್ಳುತ್ತದೆ. ಪ್ರಕಟಿಸುವ ಚಿತ್ರಕ್ಕೆ ಮೇಲಿನ ಎಡಮೂಲೆಯ ಬೆಳಕು ರೂಢಿ. ಚಿತ್ರದ ಕೆಳಗೆ ಬೆಳಕು ಯಾವ ಕಡೆಯದು ಎಂದು ಬರೆದರೆ ಓದುವವರಿಗೆ ಉಪಕಾರ. ನಾನು ಫೈಲಿನ ಹೆಸರಿನಲ್ಲೇ ದಿಕ್ಕು ಹಾಕುತ್ತೇನೆ.

ಹೊಯ್ಸಳರ ಕಾಲದ ಕಲ್ಲಿಗೆ ಇನ್ನೊಂದು ಪೇಚಿದೆ, ಹೊಳಪು. ಹಳೇಬೀಡಿನ ಬಸದಿಹಳ್ಳಿಗೆ ಹೋದವರಿಗೆ ಗೊತ್ತು. ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಮಾಡಿಸಿದ ಪಾರ್ಶ್ವನಾಥ ಬಸದಿಯ ನವರಂಗದ ಕರಿಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು. ಅಂಥ ಮೈಗೆ ಫ್ಲ್ಯಾಷು ಹೊಡೆದರೆ ಕಲ್ಲು ಕಾಣುವುದಿಲ್ಲ, ಫ್ಲ್ಯಾಷೇ ಕಾಣುತ್ತದೆ. ನುಣುಪು ಮಾಡಿದ ಶಾಸನ ಫಲಕಕ್ಕೂ ಇದೇ ಪಾಡು. ಪೂಜೆಗೊಳ್ಳುವ ವೀರಗಲ್ಲಿಗೆ ಎಣ್ಣೆ ಹಚ್ಚಿ ಹಚ್ಚಿ ಅದೂ ಹೀಗೇ ಆಗಿರುತ್ತದೆ. ಕನ್ನಡಿಯ ನಿಯಮವೇ ಇಲ್ಲಿನ ನಿಯಮ: ಬೆಳಕು ಬಿದ್ದ ಕೋನದಲ್ಲೇ ಆಚೆ ಪುಟಿಯುತ್ತದೆ. ಕ್ಯಾಮೆರಾ ಕಲ್ಲಿಗೆ ಎದುರಾಗಿ ನೇರ ಇದ್ದು, ಫ್ಲ್ಯಾಷು ತುಂಬಾ ಓರೆಯಲ್ಲಿದ್ದರೆ ಪುಟಿದ ಬೆಳಕು ಎದುರು ಬದಿಗೆ ಹೋಗುತ್ತದೆ, ಕ್ಯಾಮೆರಾಕ್ಕೆ ತಾಗುವುದಿಲ್ಲ. ನಯವಾದ ಮೈ ಕಪ್ಪಾಗಿ, ಅಕ್ಷರದ ಅಂಚು ಮಾತ್ರ ಮಿನುಗುತ್ತದೆ. ಸರಿಯಾಗಿ ಬಂದರೆ ಇದರಷ್ಟು ಓದಲು ಸುಲಭವಾದ ಚಿತ್ರ ಇನ್ನೊಂದಿಲ್ಲ. ಸಾಫ್ಟ್‌ಬಾಕ್ಸ್, ಛತ್ರಿ ಇತ್ಯಾದಿ ಮುಖ ಬೆಳಗಿಸುವ ಸಾಮಾನು ಕೊಳ್ಳಬೇಡಿ. ಅವು ನೆರಳನ್ನು ಮೆದು ಮಾಡುತ್ತವೆ, ನಮಗೆ ಬೇಕಾದ್ದು ಗಟ್ಟಿ ನೆರಳು.

ಅಲ್ಲಿಂದ ಹದಿನಾರು ಕಿ.ಮೀ. ಬೇಲೂರಿಗೆ ಹೋದರೆ ಸಮಸ್ಯೆ ಬೇರೆ. ಚೆನ್ನಕೇಶವ ಗುಡಿಯ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳ ಹೆಸರುಗಳಿವೆ. ಸಣ್ಣ ಅಕ್ಷರ, ತಲೆಯ ಮೇಲೆ ಎತ್ತರದಲ್ಲಿ, ಸೂರಿನ ನೆರಳಿನಲ್ಲಿ. ಕೋಲಿಗೆ ಫ್ಲ್ಯಾಷು ಕಟ್ಟಿ ಆ ಶಿಲ್ಪಗಳ ಹತ್ತಿರ ಒಯ್ಯುವ ಯೋಚನೆ ಕನಸಿನಲ್ಲೂ ಬೇಡ. ತಾಗಿದರೆ ಮುಗಿಯಿತು. ಇಲ್ಲಿ ಫ್ಲ್ಯಾಷಿನ ಜೂಮ್ ತಲೆ ಕೆಲಸಕ್ಕೆ ಬರುತ್ತದೆ. ಜಗಲಿಯ ಮೇಲೆ ನಾಲ್ಕೈದು ಮೀಟರ್ ಪಕ್ಕಕ್ಕೆ ಸರಿದು 200ಕ್ಕೆ ಜೂಮ್ ಮಾಡಿ ಸಣ್ಣ ಕಿರಣವನ್ನು ಆ ಪೀಠದ ಪಟ್ಟಿಗೆ ಬಿಡಬೇಕು. ಕ್ಯಾಮೆರಾ ಬೇರೆ ಕಡೆ ಇರುತ್ತದೆ, ರೇಡಿಯೊ ಟ್ರಿಗರಿನ ನಿಜವಾದ ಬೆಲೆ ತಿಳಿಯುವುದು ಇಲ್ಲೇ. ಪೂಜೆ ನಡೆಯುವ ಗುಡಿ, ಒಳಗೆ ಅರ್ಚಕರ ಮಾತೇ ಅಂತಿಮ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನವೂ ಜಾಸ್ತಿ. ಬೆಳಗ್ಗೆ ಬಾಗಿಲು ತೆಗೆದ ಹೊತ್ತಿಗೆ ಹೋದರೆ ಕೆಲಸವಾಗುತ್ತದೆ.

ಕೈ ಪಳಗಿಸಿಕೊಳ್ಳಲು ಜಾಗ ಬೇಕೆಂದರೆ ಅದೇ ತಾಲ್ಲೂಕಿನ ಹಲ್ಮಿಡಿಗೆ ಹೋಗಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನದ ಮೂಲ ಮೈಸೂರಿನಲ್ಲಿದೆ, ಊರಲ್ಲಿರುವುದು ಪ್ರತಿಕೃತಿ. ಪಾಠ ಎಲ್ಲರಿಗೂ ಗೊತ್ತಿರುವುದರಿಂದ ಯಾವ ಬೆಳಕಿನಲ್ಲಿ ಯಾವ ಗೆರೆ ಕಳೆದುಹೋಯಿತು ಎಂದು ತಾಳೆ ನೋಡಬಹುದು.

ರಾತ್ರಿ ತೆಗೆದರೆ ಕಂಬಳಿ ಬೇಡ, ಲೆಕ್ಕ ಬೇಡ, ಎಲ್ಲಾ ಸುಲಭ. ಆ ಸುಲಭಕ್ಕೆ ನಾನೂ ಮರುಳಾಗಿದ್ದೆ. ಅದೇ ಕೆರೆ ಏರಿಯ ಕಲ್ಲಿಗೆ ಎರಡನೇ ಸಲ ಹೋದಾಗ ಸಂಜೆ ಏಳಕ್ಕೆ ಶುರುಮಾಡಿದೆವು. ನಾಲ್ಕು ಸಲ ಮಿಂಚುವಷ್ಟರಲ್ಲಿ ಏರಿಯ ಮೇಲೆ ಏಳೆಂಟು ಜನ ನಿಂತಿದ್ದರು.

“ಏನ್ ಸ್ವಾಮಿ, ಈ ಹೊತ್ನಲ್ಲಿ ಕಲ್ಲಿನ ತಾವ ಏನ್ ಕೆಲ್ಸ ನಿಮ್ದು?”

“ಶಾಸನ ಓದ್ತಿದ್ವಿ ಯಜಮಾನ್ರೆ.”

“ಹಗಲೊತ್ತು ಓದಕ್ಕಾಗಲ್ವಾ? ಹೋದ್ವರ್ಷಾನೂ ಹಿಂಗೇ ಬಂದೋರು ಕಲ್ಲಿನ ಬುಡ ಬಗೆದು ಹೋದ್ರು.”

ನಿಧಿ ಆಸೆಗೆ ವೀರಗಲ್ಲುಗಳನ್ನು ಕಿತ್ತು ಉರುಳಿಸುವವರ ಕಾಟ ಈ ಸೀಮೆಯಲ್ಲಿ ಇದ್ದದ್ದೇ. ಅವರು ಅನುಮಾನಿಸಿದ್ದು ಸರಿಯಾಗಿತ್ತು. ಹಾಗೆ ಅನುಮಾನಿಸುವವರು ಇರುವುದರಿಂದಲೇ ಆ ಕಲ್ಲು ಇನ್ನೂ ನಿಂತಿದೆ. ಫೋಟೋ ಕಳಿಸಿದ ಮೇಷ್ಟ್ರಿಗೆ ಫೋನು ಮಾಡಿ, ಅವರು ಬಂದು ಮಾತಾಡಿದ ಮೇಲೆ ಗಲಾಟೆ ತಣ್ಣಗಾಯಿತು. ಈಗ ಪಂಚಾಯಿತಿಗೋ ಊರ ಹಿರಿಯರಿಗೋ ಮೊದಲೇ ಹೇಳದೆ ಯಾವ ಕಲ್ಲಿನ ಹತ್ತಿರವೂ ಹೋಗುವುದಿಲ್ಲ, ಹೋಗುವುದೂ ಹಗಲಲ್ಲೇ. ಅವತ್ತು ಪ್ರಶ್ನೆ ಕೇಳಿದ ಯಜಮಾನರೇ ಮರುದಿನ ಬೆಳಗ್ಗೆ ಕಂಬಳಿಯ ಒಂದು ತುದಿ ಹಿಡಿದು ನಿಂತಿದ್ದರು. ಕಂಬಳಿಯೂ ಅವರದೇ.

ಆ ಬೆಳಗ್ಗೆ ಮೇಲಿನಿಂದ ಹಾಕಿದ ಬೆಳಕಿನಲ್ಲಿ ೬ರ ಬಾಲ ಮತ್ತೆ ಸಿಕ್ಕಿತು. ಅದಕ್ಕಿಂತ ಖುಷಿಯಾದದ್ದು ಬಲ ಮೇಲ್ಮೂಲೆಯಿಂದ ತೆಗೆದ ಚಿತ್ರದಲ್ಲಿ. ನಾನು ಚುಕ್ಕಿ ಹಾಕಿದ್ದ ಸಂವತ್ಸರದ ಕೊನೆಯ ಅಕ್ಷರ ‘ರಿ’. ಗುಡಿಸಿನ ಬಾಗು ಕೂಡ ಸ್ಪಷ್ಟ. ಶಕ 1132ಕ್ಕೆ ಬರುವ ಸಂವತ್ಸರ ಪ್ರಮೋದೂತ, ಒಂದು ವರ್ಷ ಹಿಂದೆ ಸರಿದರೆ ಶುಕ್ಲ. ಎರಡರಲ್ಲೂ ‘ರಿ’ ಇಲ್ಲ. ಅಲ್ಲಿಗೆ ನನ್ನ ಹಳೆಯ ಓದು ಪೂರ್ತಿ ಬಿದ್ದುಹೋಯಿತು. ಆದರೆ ಶಕ 1162 ಗತವರ್ಷವಾದರೆ ಶಾರ್ವರಿ, ಅಂದರೆ ಕ್ರಿ.ಶ. 1240–41. ವರ್ತಮಾನ ವರ್ಷವಾದರೆ ವಿಕಾರಿ, 1239–40. ಎರಡೂ ‘ರಿ’ಯಲ್ಲೇ ಮುಗಿಯುತ್ತವೆ. ಅದರ ಹಿಂದಿನ ಅಕ್ಷರದ ಜಾಗದಲ್ಲಿ ಚಕ್ಕೆ ಎದ್ದಿದೆ. ಅಲ್ಲಿರುವುದು ‘ಕಾ’ದ ತುಂಡೋ, ಅರ್ಕಾವೊತ್ತಿನ ‘ವ’ದ ತುಂಡೋ ಐದೂ ಚಿತ್ರಗಳಲ್ಲಿ ಹೇಳಲಾಗುತ್ತಿಲ್ಲ.

ಇಂಥ ಕಡೆಗೆ ಆರ್‌ಟಿಐ ಎಂಬ ವಿಧಾನ ಇದೆ. ಮಾಹಿತಿ ಹಕ್ಕು ಅಲ್ಲ! ಎಚ್‌ಪಿ ಸಂಸ್ಥೆಯ ಟಾಮ್ ಮಾಲ್ಝ್‌ಬೆಂಡರ್ 2001ರಲ್ಲಿ ಪ್ರಕಟಿಸಿದ ಗಣಿತದಿಂದ ಬೆಳೆದದ್ದು. ಕ್ಯಾಮೆರಾವನ್ನು ಒಂದಿಷ್ಟೂ ಅಲ್ಲಾಡಿಸದೆ, ಕಲ್ಲಿನ ಪಕ್ಕ ಹೊಳೆಯುವ ಕರಿಯ ಗುಂಡು ಎರಡು ಇಟ್ಟು, ಒಂದೇ ದೂರದಿಂದ ನಲವತ್ತೈವತ್ತು ದಿಕ್ಕಿನ ಫ್ಲ್ಯಾಷಿನಲ್ಲಿ ಚಿತ್ರ ತೆಗೆಯುತ್ತಾರೆ. ಗುಂಡಿನ ಮೇಲಿನ ಹೊಳೆಯುವ ಚುಕ್ಕಿಯಿಂದ ಕಂಪ್ಯೂಟರು ಬೆಳಕಿನ ದಿಕ್ಕು ಕಂಡುಹಿಡಿಯುತ್ತದೆ, ಆಮೇಲೆ ಪರದೆಯ ಮೇಲೆ ಮೌಸಿನಿಂದ ಬೆಳಕನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಬೇಕಾದ ತಂತ್ರಾಂಶ ಉಚಿತ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳ ತ್ರಿಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ, ಓದಲು ಅದು ಇನ್ನೂ ಒಳ್ಳೆಯದು, ಆದರೆ ಆ ಯಂತ್ರದ ಬೆಲೆ ನಮ್ಮ ನಿಮ್ಮ ಕೈಗೆ ಎಟುಕುವುದಲ್ಲ. ಆರ್‌ಟಿಐಗೆ ಬೇಕಾದ್ದು ಮೇಲೆ ಹೇಳಿದ ಅದೇ ಫ್ಲ್ಯಾಷು, ಅದೇ ಟ್ರಿಗರ್, ಅದೇ ದಾರ. ಗುಂಡಿನ ಬದಲು ಮಕ್ಕಳ ಕರಿ ಗೋಲಿ ಒಂದು ಅಂಗೈಯಗಲದ ಬರಹಕ್ಕೆ ಸಾಕಾಗುತ್ತದೆ, ನನಗೆ ಬೇಕಾಗಿರುವುದು ಒಂದೇ ಅಕ್ಷರ. ಗೋಲಿ ಎರಡು ತಂದಿಟ್ಟಿದ್ದೇನೆ. ಯಜಮಾನರು ಕೊಬ್ಬರಿ ಹರಾಜು ಮುಗಿಸಿಕೊಂಡು ಬಿಡುವಾದ ದಿನ ಫೋನ್ ಮಾಡ್ತೀನಿ ಅಂದಿದ್ದಾರೆ.